ಸಾವಕ್ಕ ಯಾವ ಮಾತಿನಿಂದ ಬೈಯಬೇಕಿತ್ತು?

ತಾಲೂಕಿನ ಹಾಲು ಸಂಘಗಳ ಮೇಲ್ವಿಚಾರಣಾಧಿಕಾರಿಗಳಿಗೆ,
ಮಾರ್ಚ್ ೧೯೯೧

ಮಾನ್ಯರೇ,

ಸದಲಗಾ ಕಡೆಯ ನಮ್ಮ ಹಳ್ಳಿಯ ಸಾವಕ್ಕನ ಹಾಲನ್ನು ಡೇರಿಯಲ್ಲಿ ತೆಗೆದುಕೊಳ್ಳಬಾರದೆಂದು ತಾವು ಆದೇಶ ಹೊರಡಿಸಿ ತಿಂಗಳಾಯಿತು. ಸಂಘದ ಕಾರ್ಯದರ್ಶಿಗಳನ್ನು ಅವಾಚ್ಯ ಶಬ್ದದಿಂದ ನಿಂದಿಸಿದ್ದು ಅವಳ ಅಪರಾಧ. ಕ್ಷಮೆ ಕೇಳುವವರೆಗೆ ಅವಳ ಹಾಲು ಹಾಲಲ್ಲ. ಒಂದೇ ಎಮ್ಮೆಯ ಮೇಲೆ ಬದುಕುವ ಒಂಟಿ ಹೆಣ್ಣುಮಗಳು ಇನ್ನು ಆ ಎಮ್ಮೆಯನ್ನು ಮುಂದಿನ ಸಂತೆಗೆ ಹೊಡೆದುಕೊಂಡು ಹೋಗುವುದೊಂದೇ ಬಾಕಿ. ಡೇರಿಯ ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು ಎಲ್ಲವನ್ನೂ ಕಣ್ಣಾರೆ ಕಂಡವನಾದ್ದರಿಂದ ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಹಾಲು ಪರೀಕ್ಷೆಗೆಂದು ಪ್ರತಿಯೊಬ್ಬರಿಂದ ಸ್ವಲ್ಪ ಹಾಲು ತೆಗೆದಿಡುವ ಪದ್ಧತಿ ತಮಗೆ ಗೊತ್ತು. ಅದಕ್ಕೆ ಸ್ಯಾಂಪಲ್ ಎನ್ನುತ್ತಾರೆ, ಅದು ಅಳತೆಗೆ ಸೇರುವುದಿಲ್ಲ. ಮೊದಲು ಒಂದು ಸಣ್ಣ ಸೌಟಿತ್ತು. ದೀಪಾವಳಿಗೆ ಅದು ಚಹಾದ ಬಟ್ಟಲಾಯಿತು. ಸಂಕ್ರಾಂತಿ ದಾಟಿದ ಮೇಲೆ ಕಾರ್ಯದರ್ಶಿಗಳು ಮನೆಯಿಂದ ಒಂದು ಹಿತ್ತಾಳೆ ಚರಿಗೆಯನ್ನೇ ತಂದರು. ವಿಜ್ಞಾನ ಇಷ್ಟು ಬೇಗ ಬೆಳೆಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಪರೀಕ್ಷೆಯಾದ ಹಾಲು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ, ಏಕೆಂದರೆ ಅದು ಕಾರ್ಯದರ್ಶಿಗಳ ಅಳಿಯನ ಹೋಟೆಲಿಗೆ ಹೋಗುವುದು ಎಲ್ಲರಿಗೂ ಕಾಣುತ್ತಿತ್ತು. ಸಾಲಿನಲ್ಲಿ ನಿಂತವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಸಾವಕ್ಕ ಮಾತ್ರ ಅಂದಳು:

“ಚರಿಗಿ ತುಂಬ ತಗೋತಿಯಲ್ಲೋ ಬರಗೆಟ್ಟಾಂವ! ಪರೀಕ್ಷಾ ಮಾಡಾಕ ಇಷ್ಟ ಹಾಲ ಬೇಕೇನ?”

ಮಾನ್ಯರೇ, ಈ ಮಾತು ತಪ್ಪೆಂಬ ತಮ್ಮ ತೀರ್ಪಿಗೆ ನನ್ನ ಪೂರ್ಣ ಸಮ್ಮತಿಯಿದೆ. ಬರಗೆಟ್ಟವನೆಂದರೆ ಬರಗಾಲದಲ್ಲಿ ಅನ್ನ ಕಾಣದೆ ಕೆಟ್ಟವನು. ಕಾರ್ಯದರ್ಶಿಗಳ ಪ್ಯಾಂಟಿನ ಸೊಂಟವನ್ನು ಈ ವರ್ಷವೇ ಎರಡು ಸಲ ಬಿಡಿಸಿ ಕೊಟ್ಟವನು ನಾನು. ಅಲ್ಲಿ ಬರಗಾಲದ ಸುಳಿವಿಲ್ಲ. ಹಾಗಾದರೆ ಸರಿಯಾದ ಮಾತು ಯಾವುದು? ನಾನು ಹುಡುಕಿದೆ. ಹೊಟ್ಟೆಬಾಕ ಎನ್ನೋಣವೆಂದರೆ, ಅವರು ಆ ಹಾಲನ್ನೆಲ್ಲ ಕುಡಿಯುವುದಿಲ್ಲ, ಮಾರುತ್ತಾರೆ. ನುಂಗಣ್ಣ ಎಂದರೆ ಎಷ್ಟು ಕಚೇರಿಗಳಲ್ಲಿ ಎಷ್ಟು ಜನ ತಿರುಗಿ ನೋಡುತ್ತಾರೋ ಹೇಳಲಾರೆ. ಲೋಭಿ ಎಂದು ಪುಸ್ತಕದಲ್ಲಿದೆ, ಆದರೆ ಅದು ಕಾರ್ಯದರ್ಶಿಗಳಿಗೆ ತಿಳಿಯಲಿಕ್ಕಿಲ್ಲ, ತಿಳಿಯದ ಮಾತಿನಿಂದ ಬೈದು ಉಪಯೋಗವೇನು? ಮರಾಠಿಯಲ್ಲಿ ದುರಾಸೆಯವನಿಗೆ ಹಾವರಟ ಎಂಬ ಚಂದದ ಶಬ್ದವಿದೆ. ನಮ್ಮ ಭಾಗದಲ್ಲಿ ಅದನ್ನು ಅಧಿಕೃತವಾಗಿ ಬಳಸಿದರೆ ಗಡಿ ತಂಟೆಯೇ ಮತ್ತೆ ಎದ್ದೀತು. ನನ್ನ ಹೆಂಡತಿ ಶಹಜಾದಬಿ ಉರ್ದುವಿನ ನದೀದಾ ಎಂಬುದನ್ನು ಸೂಚಿಸಿದಳು, ಅಂದರೆ ಏನನ್ನೂ ಕಾಣದವನು. ದಿನಾಲು ಇಷ್ಟು ಹಾಲು ಕಾಣುವವರಿಗೆ ಅದೂ ಹೊಂದಲಿಲ್ಲ. ತಮ್ಮ ಇಲಾಖೆಯ ಒಪ್ಪಿಗೆ ಪಡೆದ ಶಬ್ದವೊಂದಿದ್ದರೆ ದಯಮಾಡಿ ತಿಳಿಸಿ, ಸಾವಕ್ಕನಿಗೆ ಬಾಯಿಪಾಠ ಮಾಡಿಸುತ್ತೇನೆ.

ನಮ್ಮ ಕಸುಬಿನವರನ್ನೂ ಜನ ಬಿಡುವುದಿಲ್ಲ. “ನನ್ನ ಅಂಗಿ ಅರಿವ್ಯಾಗ ನಿನ್ನ ಮೊಮ್ಮಗನ ಚಡ್ಡಿ ಹೊಲದಿ ಏನಲೇ ದಸ್ತಗೀರ್ಯಾ?” ಎಂದು ನಡು ಬೀದಿಯಲ್ಲಿ ಕೇಳಿದವರಿದ್ದಾರೆ. ಉಳಿದ ತುಂಡು ಬಟ್ಟೆಯನ್ನು ಎದುರಿಗೆ ಹಿಡಿದು ತೋರಿಸುತ್ತೇನೆ. ಕ್ಷಮೆ ಕೇಳುವವರೆಗೆ ನಿಮ್ಮ ಅಂಗಿ ಹೊಲಿಯುವುದಿಲ್ಲ ಎಂದು ಯಾರಿಗೂ ಅಂದವನಲ್ಲ. ಕಾರ್ಯದರ್ಶಿಗಳು ಚರಿಗೆಯನ್ನೊಮ್ಮೆ ಎತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು. ತಾವೂ ವಿಚಾರಣೆಗೆ ಬಂದಾಗ ಚರಿಗೆ ಎಲ್ಲಿ ಎಂದು ಕೇಳಲಿಲ್ಲ. ಚಹಾ ಕುಡಿದಿರಿ, “ಹಾಲು ಗಟ್ಟಿಯಾಗಿದೆ” ಎಂದು ಮೆಚ್ಚಿದಿರಿ. ಅದು ಯಾರ ಹಾಲೆಂದು ಹೇಳಿ ತಮ್ಮ ಚಹಾ ಕೆಡಿಸುವ ಮನಸ್ಸು ನನಗಾಗಲಿಲ್ಲ. ಆಗಬೇಕಿತ್ತು. ಈಗಲೂ ಅದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಎಮ್ಮೆ ಕೈಬಿಟ್ಟು ಹೋಗುವುದಕ್ಕಿಂತ ಒಂದು ಮಾತು ಸೋಲುವುದು ಮೇಲೆಂದು ಮೊನ್ನೆ ನಾನೇ ಸಾವಕ್ಕನ ಕೊಟ್ಟಿಗೆಗೆ ಹೋಗಿ ಹೇಳಿದೆ. ಅವಳು ಕರುವಿನ ಮೈ ತಿಕ್ಕುತ್ತಿದ್ದಳು.

“ತಪ್ಪ ಕೇಳತೇನಿ ದಸ್ತಗೀರಣ್ಣಾ. ಆದ್ರ ಅವಂಗಲ್ಲ, ಈ ಕರಕ್ಕ. ಮೂರು ಮೊಲಿ ನನಗ, ನಾಕನೇದು ಇದಕ್ಕ, ನಮ್ಮವ್ವನ ಕಾಲದಿಂದ ಹಂಗ ಐತಿ. ಆ ಚರಿಗಿ ಬಂದಾಗಿಂದ ಅಳತಿ ಕಡಿಮಿ ಬೀಳತೈತಂತ ನಾಕನೇದೂ ಹಿಂಡಿಕೊಂಡ ಬಂದೇನಿ. ಇದರ ಎಲಬ ಇನ್ನೂ ಕಾಣತಾವ ನೋಡ್ರಿ. ಇದು ಯಾರಿಗಿ ಬೈಬೇಕ್ರಿ?”

ಅವಳ ಪ್ರಶ್ನೆಯನ್ನು ಇದ್ದ ಹಾಗೇ ತಮಗೆ ಕಳಿಸುತ್ತಿದ್ದೇನೆ. ಉತ್ತರ ಹೊಳೆದರೆ ಬರೆಯಿರಿ.

ಬೇಡಿಕೆ ಇಷ್ಟೇ: ಸಂತೆಯ ದಿನದೊಳಗೆ ಸಾವಕ್ಕನ ಹಾಲನ್ನು ತೆಗೆದುಕೊಳ್ಳಬೇಕು, ಸ್ಯಾಂಪಲ್ಲಿಗೆ ಮೊದಲಿನ ಸೌಟು ಬರಬೇಕು. ಇಲ್ಲವಾದರೆ ಎಮ್ಮೆ ಹೋಗುತ್ತದೆ, ಜೊತೆಗೆ ಕರುವೂ. ಆಮೇಲೆ ಸಾವಕ್ಕ ಡೇರಿಯ ಕಡೆ ಬರುವುದಿಲ್ಲ, ಯಾರನ್ನೂ ಏನೂ ಅನ್ನುವುದಿಲ್ಲ. ತಮಗೆ ಬೇಕಾದದ್ದು ಅದೇ ಆಗಿದ್ದರೆ, ಹಾಗೆಂದು ಸಹಿ ಹಾಕಿ ಕಳಿಸಿ. ಅವಳಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ,
ಈ ಪತ್ರ ಅಚ್ಚಾದ ದಿನದಿಂದ ಹಾಲಿಲ್ಲದ ಚಹಾಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರುವ
ದಸ್ತಗೀರ, ದರ್ಜಿ