ಬೇಕೆಂದವಳ ನಿರಾಕರಣೆ

ಗಡಿಯಾಚೆಯ ಆರೋಗ್ಯ ಸಹಕಾರವನ್ನು ನೋಡಿಕೊಳ್ಳುವ ಮಾನ್ಯ ನಿರ್ದೇಶಕರೇ,

ನನ್ನ ತಂಗಿ ನೆವ್ಯಾನಾ ಚಿಕಿತ್ಸೆ ಬೇಡವೆಂದಳು ಎಂದು ನಿಮ್ಮ ಕಚೇರಿ ಹೇಳುತ್ತಿದೆ. ಅವಳು ಬೇಡವೆನ್ನಲಿಲ್ಲ. ಬೇಕೆಂದಳು, ಒಂದಲ್ಲ ಮೂರು ಸಲ ಬೇಕೆಂದಳು. ಅವಳ ತಪ್ಪೆಂದರೆ ಅದನ್ನು ಬಲ್ಗೇರಿಯದವಳ ಹಾಗೆ ಹೇಳಿದ್ದು.

ನಾವು ಹೌದೆನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತೇವೆ, ಇಲ್ಲವೆನ್ನಲು ಮೇಲೆ ಕೆಳಗೆ. ಗಡಿ ದಾಟಿ ಸರ್ಬಿಯಕ್ಕೆ ಕಾಲಿಟ್ಟರೆ ಲೆಕ್ಕ ಉಲ್ಟಾ. ಇದು ನಿಮಗೆ ಗೊತ್ತಿರಲಿಲ್ಲವೆಂದು ನಂಬಬೇಕೇ? ನೀವೂ ಈ ನೀರು ಕುಡಿದೇ ಬೆಳೆದವರು. ನನ್ನ ಕ್ಷೌರದಂಗಡಿಗೆ ಆಚೆಯವರು ಬಂದು ಕೂತಾಗ "ಮೀಸೆ ತೆಗೀಲಾ?" ಎಂದು ಕೇಳಿ, ಬಾಯಿಬಿಟ್ಟು ಹೇಳಿಸಿಕೊಂಡ ಮೇಲೆಯೇ ಕತ್ತಿ ಎತ್ತುತ್ತೇನೆ. ಇಲ್ಲಿಯ ಹೆಂಡದಂಗಡಿಯವನೂ ಹಾಗೆಯೇ, ಕುರಿ ಮಾರುವವನೂ ಹಾಗೆಯೇ. ಒಂದು ಮೀಸೆಗೆ ಇಷ್ಟು ಎಚ್ಚರ ಬೇಕಾದರೆ ಒಂದು ಹೃದಯಕ್ಕೆ ಎಷ್ಟು ಬೇಡ?

ನಡೆದದ್ದು ಇಷ್ಟು. ನೆವ್ಯಾನಾಳ ಹೃದಯದ ಒಂದು ಕವಾಟ ಕಲ್ಲಾಗಿದೆ. ನಮ್ಮ ಪಟ್ಟಣದ ಆಸ್ಪತ್ರೆಯ ಹೃದಯ ವಿಭಾಗಕ್ಕೆ ನೀವು ಬೀಗ ಹಾಕಿದಿರಿ, ರಾಜಧಾನಿಯ ರಸ್ತೆ ಅವಳು ತಾಳುವಂಥದ್ದಲ್ಲ. ನಿಮ್ಮ ಒಪ್ಪಂದದ ಪುಣ್ಯದಿಂದ ಗುಡ್ಡದಾಚೆಯ ಸರ್ಬಿಯದ ಆಸ್ಪತ್ರೆಯವರು ಕರೆದರು. ಹೊಸ ಬಟ್ಟೆ ತೊಟ್ಟು, ಮಿಠಾಯಿ ಡಬ್ಬಿ ಹಿಡಿದು ಹೋದಳು. ಅಲ್ಲಿಯ ಮಾತು ನಮಗೆ ಅರ್ಥವಾಗುತ್ತದೆ, ನಮ್ಮದು ಅವರಿಗೆ. ಆದ್ದರಿಂದ ದುಭಾಷಿ ಬೇಡವೆಂದು ನಿಮ್ಮ ಸಮಿತಿ ಉಳಿತಾಯ ಮಾಡಿತ್ತು. ಆದರೆ ಅವಳ ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದ್ದರು. ವೈದ್ಯರು ಆ ದೇಶದ ಉತ್ತರದ ತುದಿಯಿಂದ ಹೊಸದಾಗಿ ಬಂದವರು, ನಮ್ಮ ತಲೆಯಾಟ ಕಂಡವರಲ್ಲ. ಚಿಕಿತ್ಸೆಗೆ ಒಪ್ಪಿಗೆಯೇ ಎಂದು ಕೇಳಿದರು. ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು. ಅವರು ಬೆರಗಾಗಿ ಮತ್ತೆ ಕೇಳಿದರು. ಇವರಿಗೆ ತಿಳಿಯಲಿಲ್ಲವೇನೋ ಎಂದು ಅವಳು ಇನ್ನೂ ಜೋರಾಗಿ ಆಡಿಸಿದಳು. ಮೂರನೆಯ ಸಲಕ್ಕೆ ದಿಂಬು ಕೆಳಗೆ ಬಿತ್ತಂತೆ. ಬಲವಂತ ಮಾಡಬಾರದೆಂದು ಆ ಸಜ್ಜನರು ವಾಪಸು ಕಳಿಸಿಬಿಟ್ಟರು.

ಅವರ ಆಂಬುಲೆನ್ಸ್ ಓಡಿಸುವ ಗೋರ್ದಾನ್ ನಮ್ಮ ಕಡೆಯ ಸಂತೆಗೆ ಬಂದುಹೋಗುವವನು. ಗಡಿಗೇಟಿನಲ್ಲಿ ಅವಳನ್ನು ನಮ್ಮ ಗಾಡಿಗೆ ಬದಲಾಯಿಸುವಾಗ ತಡೆಯಲಾರದೆ ಕೇಳಿದ.

"ಅಲ್ಲಕ್ಕ, ಇಷ್ಟು ದೂರ ಬಂದು ಯಾಕೆ ಬೇಡ ಅಂದ್ರಿ?"

ನೆವ್ಯಾನಾ ಮುಖವಾಡ ಕಿತ್ತಳು. "ನಾನೆಲ್ಲೋ ಬೇಡ ಅಂದೆ? ಕತ್ತು ನೋಯೋ ಹಂಗೆ ಹೂಂ ಅಂದಿದೀನಿ!"

"ಅಯ್ಯೋ ನನ್ನ ಕರ್ಮವೇ!" ಎಂದು ಅವನು ಹಣೆ ಚಚ್ಚಿಕೊಂಡ. ಗಾಡಿ ತಿರುಗಿಸುತ್ತೇನೆ ಎಂದ. ಗೇಟಿನವರು ಬಿಡಲಿಲ್ಲ. ಹೋಗುವ ಅನುಮತಿ ಒಂದೇ ಸಲಕ್ಕಂತೆ.

ಆಚೆಯ ವೈದ್ಯರಿಗೆ ವಿಷಯ ತಿಳಿದಾಗ ಫೋನಿನಲ್ಲಿ ನನ್ನ ಹತ್ತಿರ ಅತ್ತರು. ನಾಳೆಯೇ ಕರೆತನ್ನಿ, ನಿಮ್ಮ ಕಚೇರಿಯವರು ಒಂದು ಮಾತು ಹೇಳಲಿ ಸಾಕು ಎಂದರು. ಆ ಒಂದು ಮಾತಿಗಾಗಿ ನಿಮ್ಮ ಕಚೇರಿಗೆ ಬಂದೆ. ಕಿಟಕಿಯಲ್ಲಿ ಕೂತ ಹೆಂಗಸು ಒಳ್ಳೆಯವಳೇ.

"ನಂಗೂ ಗೊತ್ತಾಗುತ್ತೆ ತಾತ. ಆದ್ರೆ ನಿರಾಕರಣೆ ಅಂತ ದಾಖಲಾಗಿದೆ. ಒಂದ್ಸಲ ಬೇಡ ಅಂದೋರು ಒಂದು ವರ್ಷ ಕಾಯ್ಬೇಕು. ತಿದ್ಬೇಕಂದ್ರೆ ಎರಡೂ ದೇಶದ ಸಮಿತಿ ಕೂಡ್ಬೇಕು."

"ಯಾವಾಗ ಕೂಡುತ್ತಮ್ಮ?"

"ವಸಂತಕ್ಕೆ."

ಅವಳು ಮೊದಲ ಹಿಮ ಬೀಳುವ ಕಾಲ ದಾಟುವುದೇ ಕಷ್ಟ ಎಂದು ನಮ್ಮ ವೈದ್ಯರು ಹೇಳಿದ್ದಾರೆ. ಈಗಾಗಲೇ ಅಂಗಳಗಳಲ್ಲಿ ಚಳಿಗಾಲಕ್ಕೆ ಕೂಡಿಡಲೆಂದು ದಪ್ಪ ಮೆಣಸಿನಕಾಯಿ ಸುಡುತ್ತಿದ್ದಾರೆ. ನೆವ್ಯಾನಾ ಕುರ್ಚಿಯಲ್ಲಿ ಕೂತು ಸಿಪ್ಪೆ ಬಿಡಿಸುತ್ತಾಳೆ, ನಾಲ್ಕಕ್ಕೊಮ್ಮೆ ನಿಲ್ಲಿಸಿ ಉಸಿರು ಹುಡುಕುತ್ತಾಳೆ. ಅದನ್ನು ನೋಡುವುದು ನನ್ನಿಂದ ಆಗುತ್ತಿಲ್ಲ.

ಒಂದು ಸಂದೇಹ, ಮಾನ್ಯರೇ. ನಿಮ್ಮ ಜಂಟಿ ಸಮಿತಿಯ ಔತಣದಲ್ಲಿ ಆಚೆಯವರು ಇನ್ನೊಂದು ಲೋಟ ರಕಿಯಾ ಬೇಕೇ ಎಂದು ಕೇಳಿದಾಗ ನೀವೂ ತಲೆಯನ್ನು ಅಡ್ಡಡ್ಡ ಆಡಿಸಿರಬೇಕಲ್ಲ? ಅವರು ನಿರಾಕರಣೆ ಎಂದು ಬರೆದುಕೊಂಡು ಒಂದು ವರ್ಷ ಬಾಟಲಿ ಎತ್ತಿಟ್ಟರೇ? ಇಲ್ಲವಲ್ಲ! ನಗುತ್ತಾ ಸರಿಪಡಿಸಿಕೊಂಡಿರಿ, ಲೋಟ ತುಂಬಿತು. ಹೆಂಡದ ವಿಷಯದಲ್ಲಿ ಎರಡು ದೇಶಗಳು ಇಷ್ಟು ಚೆನ್ನಾಗಿ ಸಹಕರಿಸುವಾಗ ನನ್ನ ತಂಗಿಯ ವಿಷಯದಲ್ಲಿ ಏನು ಅಡ್ಡಿ? ನೆರೆಹೊರೆಯವರು ಒಬ್ಬರನ್ನೊಬ್ಬರು ಅರಿಯಲಿ ಎಂದಲ್ಲವೇ ನಿಮ್ಮ ಕಚೇರಿ ಹುಟ್ಟಿದ್ದು? ನಾವು ಅರಿತೇ ಇದ್ದೆವು. ನಡುವೆ ನೀವು ಬಂದಿರಿ.

"ಅವ್ರಿಗೆ ಬೈದು ಬರೀಬೇಡ ಅಣ್ಣ. ಸಿಟ್ಟು ಬಂದ್ರೆ ಇನ್ನೂ ತಡ ಮಾಡ್ತಾರೆ," ಎಂದಳು ನೆವ್ಯಾನಾ. "ಇಲ್ಲ ಕಣೇ, ಕೈಮುಗಿದೇ ಬರೀತಿದೀನಿ," ಎಂದೆ. ಅವಳಿಗೆ ನಾನು ಹೇಳುವ ಸುಳ್ಳುಗಳಲ್ಲಿ ಇದೂ ಒಂದು.

ಆ ನಿರಾಕರಣೆಯನ್ನು ಹೊಡೆದುಹಾಕಿ. ಆಚೆಗೆ ಒಂದು ಫೋನ್ ಮಾಡಿ. ಇಂದೇ ಮಾಡಿ. ವೈದ್ಯರು ಕಾದಿದ್ದಾರೆ, ಗೋರ್ದಾನ್ ಗಾಡಿ ತರುತ್ತಾನೆ. ಇಷ್ಟು ಬರೆದರೂ ನೀವು ಮಾಡುತ್ತೀರೆಂಬ ನಂಬಿಕೆ ನನಗಿಲ್ಲ. ವಸಂತದಲ್ಲಿ ಸಮಿತಿ ಕೂಡಿ, ತಪ್ಪು ಒಪ್ಪಿ, ಪತ್ರ ಕಳಿಸುವುದಾದರೆ ದಯವಿಟ್ಟು ಅವಳ ವಿಳಾಸಕ್ಕೆ ಕಳಿಸಬೇಡಿ, ನನ್ನ ಅಂಗಡಿಗೆ ಕಳಿಸಿ. ಅಷ್ಟರಲ್ಲಿ ಅವಳ ಬಾಗಿಲಿಗೆ, ನಮ್ಮ ಪದ್ಧತಿಯಂತೆ, ಅವಳ ಚಿತ್ರವಿರುವ ಸಾವಿನ ಕಾಗದ ಅಂಟಿಸಿರುತ್ತೇನೆ. ಅದನ್ನು ನೋಡಿ ಅಂಚೆಯವನು ನಿಮ್ಮ ಪತ್ರವನ್ನು ಹಿಂದಕ್ಕೆ ಒಯ್ದುಬಿಡುತ್ತಾನೆ.

ಇಂತಿ,
ಸದ್ಯಕ್ಕೆ ಇನ್ನೂ ಒಬ್ಬಳ ಅಣ್ಣನಾಗಿರುವ
ಕಾಮೆನ್, ಕ್ಷೌರಿಕ