ಅಡ್ಡಹೆಸರು ಇಲ್ಲದವಳು

ಶುಕ್ರವಾರ, ಜೂನ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ, ನನ್ನ ಎಡಮಂಡಿಯೊಂದನ್ನು ಬಿಟ್ಟು. ಅದು ಈಚೆಗೆ ವಿರೋಧ ಪಕ್ಷ ಸೇರಿದೆ. ನಿನ್ನ ಎರಡೂ ಕಾಗದ ಬಂದು ಮೇಜಿನ ಮೇಲೆ ಕೂತಿವೆ. ಎರಡನೆಯದರಲ್ಲಿ 'ಬದುಕಿದ್ದೀಯೋ ಇಲ್ಲವೋ, ಅಷ್ಟನ್ನಾದರೂ ಬರಿ' ಎಂದು ಬೈದಿದ್ದೀಯ. ಬೈಸಿಕೊಳ್ಳಬೇಕಾದವನೇ ನಾನು. ಸೋಮಾರಿತನ ಅಂದುಕೊಳ್ಳಬೇಡ ಅಕ್ಕ. ದಿನಾ ಬರೆಯಲು ಕೂರುತ್ತಿದ್ದೆ, ಎರಡು ಸಾಲು ಗೀಚಿ ಎದ್ದುಬಿಡುತ್ತಿದ್ದೆ. ಜೀವಮಾನವೆಲ್ಲ ಬೇರೆಯವರ ಮಕ್ಕಳಿಗೆ ಮಾತು ಕಲಿಸಿದವನಿಗೆ ಒಡಹುಟ್ಟಿದವಳ ಹತ್ತಿರ ಆಡಲು ಮಾತು ಸಿಗಲಿಲ್ಲ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ನಮ್ಮ ಮಗಳು ಚಿನ್ನಿಗೆ ಟಿಕೆಟ್ ಸಿಕ್ಕಿದೆ. ಪೇಪರಿನಲ್ಲಿ ನೀನು ನೋಡಿದ ಫೋಟೊ ಅವಳದೇ. ಕೂದಲು ಕತ್ತರಿಸಿಕೊಂಡಿದ್ದಾಳೆ, ಅದಕ್ಕೇ ಗುರುತು ಸಿಕ್ಕಿಲ್ಲ ನಿನಗೆ. ಅಪ್ಪ ಜೀವನಪೂರ್ತಿ ಬಸ್ಸಿನಲ್ಲಿ ಜೋತಾಡುತ್ತ ಟಿಕೆಟ್ ಹರಿದುಕೊಟ್ಟರು. ಚುನಾವಣೆಯ ಟಿಕೆಟ್ ತಗೊಂಡವಳು ನಮ್ಮ ಮನೆಯಲ್ಲಿ ಇವಳೇ ಮೊದಲು. ಭಾವನಿಗೆ ಹೇಳು, ಖುಷಿಪಡಲಿ. ನನಗೂ ಖುಷಿಯಾಗಬೇಕಿತ್ತು. ಯಾಕೋ ಸುಸ್ತಾಗಿದೆ.

ನಮ್ಮ ಶಾಲೆಯಲ್ಲಿ ನೀನು ನೋಡಿದ್ದು ಗೇಟು ಮಾತ್ರ. ನನ್ನನ್ನು ನೋಡಲು ಬಂದಾಗ ಕಾವಲಿನವನು ನಿನ್ನ ಸೀರೆ, ಚೀಲ ನೋಡಿ ಅಡುಗೆಮನೆಯ ಬಾಗಿಲಿಗೆ ಕಳಿಸಿದ್ದನ್ನು ನೀನಿನ್ನೂ ಮರೆತಿಲ್ಲ ಅಂತ ನನಗೆ ಗೊತ್ತು. ಒಳಗೆ ನಾನು ಕಲಿಸುತ್ತಿದ್ದದ್ದು ಭಾಷಣ ಮತ್ತು ಚರ್ಚೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಹೇಗೆ ಉತ್ತರ ಕೊಡಬೇಕು, ಇದೇ ಪಾಠ. ಈಗ ಸಂಜೆ ಟಿವಿ ಹಾಕಿದರೆ ನನ್ನ ಪಾಠವೇ ನನಗೆ ಕೇಳಿಸುತ್ತದೆ. ಮಂತ್ರಿಯೊಬ್ಬ 'ಒಳ್ಳೆಯ ಪ್ರಶ್ನೆ ಕೇಳಿದಿರಿ' ಎಂದರೆ ಉತ್ತರ ಬರುವುದಿಲ್ಲ ಎಂದು ನನಗೆ ಆಗಲೇ ತಿಳಿಯುತ್ತದೆ. ಅದನ್ನು ಹೇಳಿಕೊಟ್ಟವನು ನಾನೇ. ಅವನ ಮೇಲೆ ಮೇಜು ಕುಟ್ಟಿ ಕೂಗಾಡುವ ವಿರೋಧ ಪಕ್ಷದ ನಾಯಕನಿಗೆ ಎಲ್ಲಿ ಕುಟ್ಟಬೇಕೆಂದು ಹೇಳಿಕೊಟ್ಟವನೂ ನಾನೇ. ಚಿನ್ನಿಯ ಅಮ್ಮ ಪಕ್ಕದಲ್ಲಿ ಕೂತು, "ನೋಡಿ, ನಿಮ್ಮ ಮಕ್ಕಳು ಕಚ್ಚಾಡ್ತಿದಾರೆ, ಹೋಗಿ ಬಿಡಿಸಿ" ಎಂದು ಕಿಚಾಯಿಸುತ್ತಾಳೆ.

ಅವರು ಕಚ್ಚಾಡುವುದೆಲ್ಲ ಟಿವಿಯಲ್ಲಿ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು. ಅಲ್ಲಿ ಮೊದಲ ವಾರವೇ ಹಿರಿಯ ಹುಡುಗರು ಹೊಸಬರಿಗೆ ಒಂದೊಂದು ಅಡ್ಡಹೆಸರು ಇಡುತ್ತಾರೆ, ಅದು ಸಾಯುವ ತನಕ ಹೋಗುವುದಿಲ್ಲ. ಆಳುವ ಪಕ್ಷದ ಅಧ್ಯಕ್ಷ ಇವತ್ತಿಗೂ 'ಸೊಳ್ಳೆ'. ವಿರೋಧ ಪಕ್ಷದ ನಾಯಕ 'ಗೂಬೆ'. ಇಬ್ಬರ ಫೋನಿನಲ್ಲೂ ಹಾಗೇ ಹೆಸರು ಬರೆದುಕೊಂಡಿದ್ದಾರಂತೆ. ಅಡ್ಡಹೆಸರು ಹಿಡಿದು ಕರೆದವನ ಫೋನನ್ನು ಯಾವ ಸಭೆಯ ನಡುವೆಯೂ ಎತ್ತಿಕೊಳ್ಳುತ್ತಾರೆ, ಉಳಿದವರು ಸಹಾಯಕನ ಹತ್ತಿರ ಮಾತಾಡಬೇಕು.

ಚಿನ್ನಿಯೂ ಓದಿದ್ದು ಅಲ್ಲೇ, ಮೇಷ್ಟ್ರ ಮಕ್ಕಳಿಗೆ ಕೇಳಿಕೊಂಡರೆ ಕೊಡುವ ಸೀಟಿನಲ್ಲಿ. ಗಂಟೆ ಹೊಡೆದಾಗ ಮೇಷ್ಟ್ರುಗಳ ಕ್ವಾರ್ಟರ್ಸಿನಿಂದ ಹೋಗುವಳು, ಸಂಜೆ ಮನೆಗೆ ಬರುವಳು. ಚರ್ಚೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಆದರೆ ಹಾಸ್ಟೆಲಿನಲ್ಲಿ ಮಲಗದವಳಿಗೆ ಅಡ್ಡಹೆಸರು ಯಾರು ಇಡುತ್ತಾರೆ? ಆಗ ನನಗೆ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಗೇಟಿನೊಳಗೆ ಹೊಕ್ಕರೆ ಸಾಕು, ಮುಂದಿನ ಬಾಗಿಲೆಲ್ಲ ತಾನಾಗಿಯೇ ತೆಗೆಯುತ್ತದೆ ಎಂದು ನಂಬಿದ್ದೆ.

ಓದು ಮುಗಿಸಿ ಸೊಳ್ಳೆಯ ಪಕ್ಷ ಸೇರಿದಳು. ನಿನಗೆ ಗೊತ್ತಿರುವ ಹಾಗೆ ಅಲ್ಲಿ ಕತ್ತೆಯಂತೆ ದುಡಿದಳು. ನಲ್ಲಿಯಲ್ಲಿ ನೀರು ಬರದ ಬೀದಿಗಳಲ್ಲಿ ಮನೆಮನೆ ತಿರುಗಿ ಚಪ್ಪಲಿ ಸವೆಸಿದಳು. ಆ ಕ್ಷೇತ್ರದ ಹೆಂಗಸರು ಅವಳನ್ನು ಅಡುಗೆಮನೆಯ ತನಕ ಕರೆಯುತ್ತಾರೆ. ಈ ಸಲ ಟಿಕೆಟ್ ಅವಳಿಗೇ ಎಂದು ಎಲ್ಲರೂ ಹೇಳುತ್ತಿರುವಾಗ ಅಡ್ಡ ಬಂದವನು 'ಮಂಚ'. ಅವನೂ ನನ್ನ ಶಿಷ್ಯನೇ. ತರಗತಿಯಲ್ಲಿ ಯಾವಾಗಲೂ ನಿದ್ದೆ, ಅದಕ್ಕೇ ಆ ಹೆಸರು. ವಂದನಾರ್ಪಣೆಯನ್ನೂ ಚೀಟಿ ನೋಡದೆ ಹೇಳಿದವನಲ್ಲ. ಆ ಕ್ಷೇತ್ರ ಎಲ್ಲಿದೆ ಎಂದು ಡ್ರೈವರನ್ನು ಕೇಳಿಕೊಂಡು ಹೋಗಿದ್ದನಂತೆ.

ಹಳೆಯ ವಿದ್ಯಾರ್ಥಿಗಳ ವಾರ್ಷಿಕ ಊಟಕ್ಕೆ ಕೆಲವು ದಿನ ಮುಂಚೆ ಚಿನ್ನಿ ಮನೆಗೆ ಬಂದಳು.

"ಅಪ್ಪಾ, ಈ ಸಲ ನೀವು ಊಟಕ್ಕೆ ಹೋಗ್ಲೇಬೇಕು. ನನ್ನನ್ನೂ ಕರ್ಕೊಂಡು ಹೋಗಿ."

"ಇಷ್ಟು ವರ್ಷ ಅವರ ಆಫೀಸಲ್ಲೇ ಬಿದ್ದಿದ್ದೀಯ. ಇನ್ನೂ ನಿನ್ನ ಪರಿಚಯ ಮಾಡಿಸ್ಬೇಕಾ?"

"ಕೆಲಸ ಮಾಡೋಳು ಅಂತ ಗೊತ್ತು ಅಪ್ಪ. ತಮ್ಮೋಳು ಅಂತ ಗೊತ್ತಿಲ್ಲ. ಟಿಕೆಟ್ ಆಫೀಸಲ್ಲಿ ಕೊಡಲ್ಲ, ಆ ಊಟದ ಮೇಜಲ್ಲಿ ಕೊಡ್ತಾರೆ."

ನನಗೆ ಆ ಊಟ ಯಾವತ್ತೂ ಹಿಡಿಸಿದ್ದಲ್ಲ. ಆದರೂ ಮಗಳು ಬಾಯಿಬಿಟ್ಟು ಕೇಳಿದ್ದಳು, ಹೋದೆ. ಶಾಲೆಯ ಅದೇ ಉದ್ದನೆಯ ಊಟದ ಹಾಲ್, ಗೋಡೆಯ ತುಂಬ ಹಳೆಯ ವಿದ್ಯಾರ್ಥಿ ನಾಯಕರ ಹೆಸರಿನ ಹಲಗೆಗಳು. ಮಂತ್ರಿಗಳು, ಕಾರ್ಯದರ್ಶಿಗಳು, ಪತ್ರಿಕೆಯ ಸಂಪಾದಕರು, ಎಲ್ಲರೂ ಬೆಂಚಿನ ಮೇಲೆ ಹುಡುಗರ ಹಾಗೆ ಒತ್ತಿಕೊಂಡು ಕೂತಿದ್ದರು. ಸೊಳ್ಳೆ ಎದ್ದು ಬಂದು ನನ್ನನ್ನು ತಬ್ಬಿಕೊಂಡ. ಚಿನ್ನಿಯನ್ನು ತೋರಿಸಿ, ನನ್ನ ಮಗಳು ಎಂದೆ.

"ಅರೆ, ಇವರು ನಿಮ್ಮ ಮಗಳಾ ಸರ್? ನಮ್ಮ ಆಫೀಸಲ್ಲೇ ಇರ್ತಾರಲ್ಲ! ನೀನು ಇಲ್ಲೇ ಓದಿದ್ದಾ ಹಾಗಾದ್ರೆ? ಏನಂತ ಕರೀತಿದ್ರು ನಿನ್ನ?"

"ನಾನು ಕ್ವಾರ್ಟರ್ಸಿಂದ ಬರ್ತಿದ್ದೆ ಸರ್. ಹಾಸ್ಟೆಲಲ್ಲಿ ಇರ್ಲಿಲ್ಲ."

"ಓ," ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮತ್ತೆ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದ. ಆಗಲೇ 'ನೀನು' ಹೋಗಿ 'ನೀವು' ಬಂದಿತ್ತು. ಆ ಮೇಜಿನಲ್ಲಿ ಬಹುವಚನಕ್ಕೆ ಬೆಲೆಯಿಲ್ಲ ಅಕ್ಕ.

ಚಿನ್ನಿ ತನ್ನ ಬೀದಿಗಳ ಬಗ್ಗೆ, ನೀರಿನ ಬಗ್ಗೆ ಹೇಳತೊಡಗಿದಳು. ಸೊಳ್ಳೆ ತಲೆಯಾಡಿಸುತ್ತ ತಟ್ಟೆ ನೋಡುತ್ತಿದ್ದ. ಅಷ್ಟರಲ್ಲಿ ಮಂಚ ಹಾಸ್ಟೆಲಿನಲ್ಲಿ ಹಾಸಿಗೆಗೆ ಬೆಂಕಿ ಹತ್ತಿದ ಹಳೆಯ ಕಥೆ ತೆಗೆದ, ಮೇಜಿಗೆ ಮೇಜೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೂಬೆಯಂತೂ ಕಣ್ಣೊರೆಸಿಕೊಂಡು ಸೊಳ್ಳೆಯ ಬೆನ್ನಿಗೆ ಗುದ್ದಿದ. ನನ್ನ ಮಗಳ ಮಾತು ಅರ್ಧಕ್ಕೇ ನಿಂತಿತು. ಅವಳ ಮುಖ ನೋಡಲಾಗದೆ ನಾನು ನೀರು ಕುಡಿದೆ.

ಊಟದ ಕೊನೆಗೆ ಮೇಷ್ಟ್ರುಗಳನ್ನು ಅಣಕಿಸುವ ಆಟ. ಅದು ಅಲ್ಲಿಯ ಹಳೆಯ ಪದ್ಧತಿ. ಒಬ್ಬೊಬ್ಬರಾಗಿ ಎದ್ದು ಯಾರಾದರೂ ಮೇಷ್ಟ್ರ ನಡಿಗೆ, ಮಾತು ಮಾಡಿ ತೋರಿಸುತ್ತಾರೆ. ಆ ಮೇಷ್ಟ್ರು ಅಲ್ಲೇ ಇದ್ದರೆ ಎದ್ದು ನಿಂತು ತಲೆಬಾಗಬೇಕು. ಪ್ರೀತಿಯಿಂದಲೇ ಮಾಡುತ್ತಾರೆ, ಬೇಸರಪಟ್ಟುಕೊಳ್ಳುವವನೇ ಸಣ್ಣವನಾಗುತ್ತಾನೆ. ತೀರಿಹೋದ ಲೆಕ್ಕದ ಮೇಷ್ಟ್ರಾಯಿತು, ಡ್ರಿಲ್ ಮೇಷ್ಟ್ರಾಯಿತು, ನನ್ನ ಸರದಿಯೂ ಬಂತು. ನಾನೂ ಎದ್ದು ತಲೆಬಾಗಿದೆ.

ಎಲ್ಲರೂ ಕೈ ತೊಳೆಯಲು ಎದ್ದಾಗ ಸೊಳ್ಳೆ ಮಂಚನ ಹೆಗಲ ಮೇಲೆ ಕೈ ಹಾಕಿ, "ನಿಂಗೆ ಮುಂದಿನ ಸಲ ಕಣೋ" ಎಂದ. ಅಷ್ಟೇ. ಮರುದಿನ ಪಟ್ಟಿಯಲ್ಲಿ ಚಿನ್ನಿಯ ಹೆಸರು.

ಈಗ ಮನೆಯ ಮುಂದೆ ಹೊತ್ತು ಮೂಡಿದರೆ ಕಾರು, ಜನ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಪಕ್ಕದ ಮನೆಯ ವಕೀಲರು ಬೆಳಿಗ್ಗೆಯೇ ಬಂದು ಕುರ್ಚಿ ಹಿಡಿಯುತ್ತಾರೆ. ಚಿನ್ನಿಯ ಅಮ್ಮ ಟೀ ಕಾಸಿ ಕಾಸಿ ಸೋತಿದ್ದಾಳೆ, ಆದರೂ ಮುಖದ ನಗು ಇಳಿದಿಲ್ಲ. "ನೀವ್ಯಾಕೆ ಹೀಗೆ ಸಪ್ಪೆ ಮೋರೆ ಹಾಕ್ಕೊಂಡಿದೀರ? ಮಗಳು ಗೆಲ್ಲೋದು ಇಷ್ಟ ಇಲ್ವಾ?" ಎಂದು ಗದರುತ್ತಾಳೆ. ಇಷ್ಟವಿದೆ. ಗೆದ್ದರೆ ಆ ಬೀದಿಗಳಿಗೆ ಅವಳು ನೀರು ತಂದೇ ತರುತ್ತಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅವಳ ಕೆಲಸದಲ್ಲಿ ಕಳ್ಳತನವಿಲ್ಲ.

ಭಾವನಿಗೆ ನನ್ನ ನಮಸ್ಕಾರ. ಮಕ್ಕಳಿಗೂ ಮೊಮ್ಮಕ್ಕಳಿಗೂ ಈ ಮುದುಕನ ಆಶೀರ್ವಾದ. ಹೊಲಿಗೆ ಯಂತ್ರದ ಮುಂದೆ ಇನ್ನೂ ಕೂರುತ್ತೀಯಂತೆ, ಕಣ್ಣಿಗೆ ವಿಶ್ರಾಂತಿ ಕೊಡು. ನಿನ್ನ ಹರಕೆ ಚಿನ್ನಿಯ ಮೇಲಿರಲಿ.

ಇಂತಿ,
ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಬಾರದು ಅಂದುಕೊಂಡಿದ್ದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಅವತ್ತು ನನ್ನನ್ನು ಅಣಕಿಸಿದವಳು ಚಿನ್ನಿ. ತರಗತಿಯ ಮೇಷ್ಟ್ರನ್ನಾದರೆ ಅವರೆಲ್ಲ ನೋಡಿದ್ದರು. ಇವಳು ತೋರಿಸಿದ್ದು ಮನೆಯವನನ್ನು. ಇವಳಿಗೆ ಆ ಶಾಲೆಯಲ್ಲಿ ಸೀಟು ಕೇಳಲು ಹೋಗುವ ಬೆಳಿಗ್ಗೆ ನಾನು ಬನಿಯನ್ನಿನಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಮಗು ಮಲಗಿದೆ ಅಂದುಕೊಂಡಿದ್ದೆ. "ತಮ್ಮಲ್ಲೊಂದು ಸಣ್ಣ ವಿನಂತಿ ಸರ್. ಮಗಳು ಚುರುಕು ಸರ್. ಒಂದು ಮೂಲೇಲಿ ಕೂತ್ಕೋತಾಳೆ, ಯಾರಿಗೂ ತೊಂದ್ರೆ ಕೊಡಲ್ಲ ಸರ್." ಕೈ ಕಟ್ಟಿಕೊಳ್ಳುವುದೋ ಬೆನ್ನ ಹಿಂದೆ ಇಡುವುದೋ ತಿಳಿಯದೆ ಪೇಚಾಡಿದ್ದನ್ನೂ ಬಿಡಲಿಲ್ಲ, ಎಲ್ಲಾ ಹಾಗೇ ಮಾಡಿದಳು. ಮೇಜು ಕುಟ್ಟಿ ಕುಟ್ಟಿ ನಕ್ಕರು. ಸೊಳ್ಳೆ ಅಲ್ಲೇ ಅವಳಿಗೆ 'ಕನ್ನಡಿ' ಎಂದು ಹೆಸರಿಟ್ಟ.

ಬರುವಾಗ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಅಪ್ಪಾ, ಬೇಜಾರಾಯ್ತಾ?" ಎಂದು ಕೇಳಿದಳು. "ಚೆನ್ನಾಗಿ ಮಾಡ್ದೆ" ಎಂದೆ.

ಆ ಬೆಳಿಗ್ಗೆ ಅಭ್ಯಾಸ ಮಾಡುತ್ತ ಮಾಡುತ್ತ ನನಗೆ ಅಳು ಬಂದಿತ್ತು ಅಕ್ಕ. ಬನಿಯನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡು ಮೊದಲಿನಿಂದ ಶುರು ಮಾಡಿದ್ದೆ. ಅದನ್ನೂ ಮಾಡಿ ತೋರಿಸಿದಳು. ಅವರು ಎಲ್ಲಕ್ಕಿಂತ ಹೆಚ್ಚು ನಕ್ಕದ್ದು ಅದಕ್ಕೇ.