ಬಾಳಾಬಾಯಿಯ ರಕ್ತ ಮುಟ್ಟಿದ ಕೈ

ಉಮದಿ
೭ ನವೆಂಬರ್ ೨೦೦೧

ಮುಸ್ಕಾನಳ ಅಬ್ಬಾ ಅವರಿಗೆ ಸಲಾಂ.

ಕ್ಷೇಮ ಕೇಳಿ ಪತ್ರ ಶುರು ಮಾಡುವುದು ರೂಢಿ. ನಾನು ಕೇಳುವುದಿಲ್ಲ. ಈ ಮೂರು ತಿಂಗಳಲ್ಲಿ ನೀವೂ ನನ್ನದನ್ನು ಕೇಳಲಿಲ್ಲ. ಬಟ್ಟೆಯ ಗಂಟು ಹೊತ್ತು ಊರೂರ ಸಂತೆ ತಿರುಗುವ ನಿಮಗೆ ಬಿಳೂರಿನಿಂದ ಉಮದಿ ದೂರವೇನಲ್ಲ.

ಆ ದಿನ ನಡೆದದ್ದನ್ನು ನೀವು ನಿಮ್ಮ ತಾಯಿಯ ಬಾಯಿಂದ ಕೇಳಿದ್ದೀರಿ. ಈಗ ನನ್ನಿಂದ ಕೇಳಿ. ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಹೊಲಿಗೆ ಮಷೀನು ತುಳಿಯುತ್ತಿದ್ದೆ. ಎದುರು ಮನೆಯ ಬಾಳಾಬಾಯಿ ಆಡಿಗೆ ಮೇವು ಕೊಯ್ಯುತ್ತಿದ್ದವಳು ಒಮ್ಮೆಲೇ ಚೀರಿದಳು. ಕುಡುಗೋಲು ಜಾರಿ ಎಡ ಮಣಿಕಟ್ಟು ಸೀಳಿತ್ತು. ಓಣಿಯಲ್ಲಿ ಏಳೆಂಟು ಜನರಿದ್ದರು. ಗೌರವ್ವ ಇದ್ದಳು, ರೇವಪ್ಪ ಇದ್ದ. ಒಬ್ಬರೂ ಹೆಜ್ಜೆ ಎತ್ತಿಡಲಿಲ್ಲ. ಲಾರಿ ಓಡಿಸುತ್ತಿದ್ದ ಅವಳ ಗಂಡ ಏಡ್ಸ್‌ನಿಂದ ಸತ್ತನೆಂದು, ಅದು ಅವಳ ರಕ್ತದಲ್ಲೂ ಇದೆಯೆಂದು ಊರಿಗೆಲ್ಲ ಗೊತ್ತು. ಅಂಥ ನೋವಿನಲ್ಲೂ ಅವಳೇ, "ಮೆಹನಾಜಕ್ಕಾ, ಮುಟ್ಟಬ್ಯಾಡ್ರಿ. ಒಂದು ಅರಬಿ ತುಂಡು ಇತ್ತ ಒಗೀರಿ, ನಾನ ಕಟ್ಕೋತೀನಿ" ಎಂದಳು. ಒಂದೇ ಕೈಯಿಂದ ಹೇಗೆ ಕಟ್ಟಿಕೊಳ್ಳುತ್ತಾಳೆ? ಹೊಲಿಯಲು ಬಂದಿದ್ದ ಹೊಸ ಬಟ್ಟೆಯನ್ನೇ ಮಡಚಿ ಗಾಯಕ್ಕೆ ಒತ್ತಿ ಹಿಡಿದೆ. ನನ್ನ ಎರಡೂ ಅಂಗೈ ಕೆಂಪಾದವು. ಆಮೇಲೆ ಸಾಬೂನು ಹಚ್ಚಿ ತೊಳೆದುಕೊಂಡೆ. ನಾನು ಮಾಡಿದ ಅಪರಾಧ ಇಷ್ಟೇ.

ಓಣಿಯ ಕೊನೆಯ ಡಾಕ್ಟರು ಬಾಗಿಲನ್ನೇ ತೆಗೆಯಲಿಲ್ಲ. ಕಿಟಕಿಯಿಂದಲೇ, "ಜತ್ತಕ್ಕ ಒಯ್ರಿ, ಇಲ್ಲಿ ಬ್ಯಾಡ" ಎಂದ. ಅವಳನ್ನು ಜತ್ತದ ದವಾಖಾನೆಗೆ ಕರೆದೊಯ್ದು ಏಳು ಹೊಲಿಗೆ ಹಾಕಿಸಿ ಕರೆತಂದೆ. ಜ್ವರ ಬಂದಾಗ ನೀವು ತೋಳು ಚಾಚುವುದು ಇದೇ ಡಾಕ್ಟರನ ಮುಂದೆ. ಒಂದೇ ಸೂಜಿಯನ್ನು ಬಿಸಿನೀರಿನಲ್ಲಿ ಅದ್ದಿ ಇಡೀ ಓಣಿಗೆ ಚುಚ್ಚುತ್ತಾನೆ. ಆ ಸೂಜಿಗೆ ನೀವು ಒಂದು ದಿನವೂ ಹೆದರಲಿಲ್ಲ. ನನ್ನ ತೊಳೆದ ಕೈಗೆ ಹೆದರಿದಿರಿ!

ಸಂಜೆ ಅತ್ತೆಯವರು ನನ್ನ ತಾಟನ್ನು ಕೋಲಿನಿಂದ ಅಂಗಳಕ್ಕೆ ನೂಕಿದರು. ವಯಸ್ಸಾದವರು, ಅವರಿಗೆ ಯಾರೂ ತಿಳಿಸಿ ಹೇಳಿಲ್ಲ ಎಂದುಕೊಂಡು ತಾಟು ಎತ್ತಿಕೊಂಡೆ. ಆದರೆ ಮುಸ್ಕಾನ ನನ್ನ ಹತ್ತಿರ ಓಡಿ ಬಂದಾಗ ನೀವು ಅವಳ ರಟ್ಟೆ ಹಿಡಿದು ಜಗ್ಗಿ, "ಅಕಿನ್ನ ಮುಟ್ಟಿದ್ರ ಸಾಯ್ತಿ ನೋಡು" ಎಂದಿರಲ್ಲ, ಅದನ್ನು ಹೇಗೆ ಮರೆಯಲಿ? ಆರು ವರ್ಷದ ಮಗುವಿಗೆ ತಾಯಿಯ ಬಗ್ಗೆ ಹೇಳುವ ಮಾತೇ ಅದು? ಮರುದಿನ ಮೊದಲ ಬಸ್ಸಿಗೆ ಮಗಳನ್ನೂ ಅತ್ತೆಯವರನ್ನೂ ಕರೆದುಕೊಂಡು ಬಿಳೂರಿನ ನಿಮ್ಮ ಅಣ್ಣನ ಮನೆ ಸೇರಿದಿರಿ.

ನನಗೂ ಹೆದರಿಕೆಯಾಗಿತ್ತು. ಇದನ್ನು ಬಾಳಾಬಾಯಿಗೂ ಹೇಳಿಲ್ಲ. ಹೊಲಿಯುವವಳ ಬೆರಳಿನಲ್ಲಿ ಸೂಜಿಯ ಗುರುತು ಇಲ್ಲದಿರುತ್ತದೆಯೇ? ನಾಲ್ಕು ದಿನ ಆ ಬೆರಳುಗಳನ್ನೇ ನೋಡುತ್ತ ಕೂತೆ. ಐದನೆಯ ದಿನ ಒಬ್ಬಳೇ ಸಾಂಗಲಿಯ ದೊಡ್ಡ ದವಾಖಾನೆಗೆ ಹೋದೆ. ಅಲ್ಲಿಯ ಡಾಕ್ಟರಬಾಯಿ ನನ್ನ ಕೈ ಹಿಡಿದು ಒಂದೊಂದೇ ಬೆರಳು ನೋಡಿದರು. ಹೌದು, ಕೈ ಹಿಡಿದು. ಇವು ಒಣಗಿದ ಹಳೆಯ ಗುರುತುಗಳು, ಗಾಯವಿಲ್ಲದ ಚರ್ಮದೊಳಗೆ ಈ ರೋಗ ಇಳಿಯುವುದಿಲ್ಲ ಎಂದರು. ತೆರೆದ ಹಸಿ ಗಾಯಕ್ಕೆ ರಕ್ತ ಸೇರಿದರೆ ಮಾತ್ರ ಅಪಾಯ, ಅದೂ ಬಲು ಅಪರೂಪ. ಮುಟ್ಟಿದರೆ, ಕೂಡಿ ಉಂಡರೆ, ಮಗುವನ್ನು ಅಪ್ಪಿಕೊಂಡರೆ ಬರುವುದೇ ಇಲ್ಲ. ಮುಂದೆ ಹೀಗಾದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಒತ್ತಿ ಹಿಡಿ, ಆದರೆ ಬಿಟ್ಟು ಓಡಬೇಡ ಎಂದರು. ಸಮಾಧಾನಕ್ಕೆ ಮೂರು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿಕೋ ಎಂದೂ ಹೇಳಿದರು. ಗಂಡ ಯಾಕೆ ಜೊತೆಗೆ ಬಂದಿಲ್ಲ ಎಂದು ಕೇಳಿದಾಗ, ಸಂತೆಗೆ ಹೋಗಿದ್ದಾರೆ ಎಂದು ಸುಳ್ಳು ಹೇಳಿದೆ. ನಿಮ್ಮ ಮಾನ ಕಾಯ್ದೆ.

ಇದನ್ನೆಲ್ಲ ನಿಮ್ಮ ಜೊತೆ ಸಂತೆ ಮಾಡುವ ಗುರುಲಿಂಗಪ್ಪನ ಕೈಯಲ್ಲಿ ಹೇಳಿ ಕಳಿಸಿದೆ. "ರಿಪೋರ್ಟ್ ತರ್ಲಿ, ಆಮ್ಯಾಲ ನೋಡೂಣು" ಅಂದಿರಂತೆ. ಒಂಬತ್ತು ವರ್ಷ ಸಂಸಾರ ಮಾಡಿದವಳನ್ನು ಒಂದು ಕಾಗದ ನೋಡಿ ಒಳಗೆ ಕರೆದುಕೊಳ್ಳುತ್ತೀರಾ?

ನೀವೆಲ್ಲ ಹೋದ ಮೇಲೆ ಓಣಿಯವರು ನನಗೆ ಬಟ್ಟೆ ಕೊಡುವುದನ್ನೇ ಬಿಟ್ಟರು. ಬಾಳಾಬಾಯಿ ಮಾತ್ರ ರೊಟ್ಟಿ ತಂದಳು. ಹೊಸ್ತಿಲಾಚೆ ಇಟ್ಟು, "ನನ್ನಿಂದ ನಿಮಗ ಹಿಂಗಾತಲ್ರಿ ಅಕ್ಕಾ" ಎಂದು ಅತ್ತಳು. ಅವಳ ಕೈ ಹಿಡಿದು ಒಳಗೆ ಎಳೆದುಕೊಂಡೆ. ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು. ಈಗ ಅವಳ ಗಾಯ ಮಾಯ್ದಿದೆ, ಕೂಲಿಗೆ ಹೋಗುತ್ತಾಳೆ.

ಮಗಳನ್ನು ಕರೆದೊಯ್ಯಲು ಸೋಮವಾರ ಬಿಳೂರಿಗೆ ಬರುತ್ತೇನೆ. ಬಾಳಾಬಾಯಿಯೂ ಜೊತೆಗಿರುತ್ತಾಳೆ. ಮುಸ್ಕಾನಳ ಶಾಲೆ ತಪ್ಪಿ ಮೂರು ತಿಂಗಳ ಮೇಲಾಯಿತು. ಈ ರಮಜಾನಿನ ಮೊದಲ ರೋಜಾದ ಉಪವಾಸವನ್ನು ನನ್ನ ಮಗಳ ಪಕ್ಕದಲ್ಲಿ ಕೂತೇ ಬಿಡುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು, ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ಓಣಿಗೆ ಕೇಳುವಂತೆ ಹೇಳುತ್ತೇನೆ.

ಮುಸ್ಕಾನಳ ತಾಯಿ,
ಮೆಹನಾಜ

ತಾ.ಕ.: ರಿಪೋರ್ಟ್ ಬಂದು ಎಂಟು ದಿನವಾಯಿತು. ನನಗೆ ರೋಗವಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಉಳಿದದ್ದನ್ನು ನೀವು ಓದುತ್ತಿರಲಿಲ್ಲ. ರೋಗ ಇದ್ದಿದ್ದರೂ ಸೋಮವಾರ ನಾನು ಬರುತ್ತಿದ್ದೆ.